ಹಿಂದಿನ ಸೀಟಿನ ಬೆಲ್ಟ್ ನೆನಪಿಸುವ ಸಾಧನ: ಶಾಲಾ ಪ್ರಾಜೆಕ್ಟ್ ಮಾಡುವ ಬಗೆ

ವಿಜ್ಞಾನ ಮೇಳಗಳಲ್ಲಿ ಕಾಣುವ ಸೀಟ್ ಬೆಲ್ಟ್ ಮಾದರಿಗಳು ಹೆಚ್ಚಾಗಿ ಒಂದೇ ಬಗೆಯವು: ಬೆಲ್ಟ್ ಹಾಕದಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ಈ ಉಪಾಯವನ್ನು ಅಮೆರಿಕ ಇಡೀ ದೇಶದಲ್ಲಿ ಪ್ರಯೋಗಿಸಿ ಕೈಬಿಟ್ಟಿದೆ. ಅಲ್ಲಿನ 1974ರ ಮಾದರಿಯ ಕಾರುಗಳಲ್ಲಿ ಮುಂದೆ ಕುಳಿತವರು ಬೆಲ್ಟ್ ಬಿಗಿಯದೆ ಎಂಜಿನ್ ಸ್ಟಾರ್ಟ್ ಆಗದಂತೆ ವ್ಯವಸ್ಥೆ ಇತ್ತು. ಪಕ್ಕದ ಸೀಟಿನ ಮೇಲೆ ದಿನಸಿ ಚೀಲ ಇಟ್ಟರೂ ಕಾರು ಕದಲುತ್ತಿರಲಿಲ್ಲವಾದ್ದರಿಂದ ಜನ ರೋಸಿಹೋದರು, ಅನೇಕರು ಆ ವ್ಯವಸ್ಥೆಯನ್ನೇ ಕಿತ್ತುಹಾಕಿಸಿದರು. ಕೊನೆಗೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸತ್ತು ಅಂಥ ಕಡ್ಡಾಯವನ್ನು ಕಾನೂನಿನ ಮೂಲಕವೇ ರದ್ದುಮಾಡಿತು. ನಿಮ್ಮ ತಂಡ ಅದೇ ದಾರಿ ಹಿಡಿಯಬೇಕಿಲ್ಲ. ಹಿಂದಿನ ಸೀಟಿನವರಿಗೆ ಬೆಲ್ಟ್ ನೆನಪಿಸುವ ಸಾಧನವನ್ನು ಎಂಟನೇ ತರಗತಿಯಿಂದ ಪಿಯುಸಿವರೆಗಿನ ವಿದ್ಯಾರ್ಥಿಗಳು ಆರೇಳು ವಾರಗಳಲ್ಲಿ ರೂಪಿಸಬಹುದು.

ಹಿಂದಿನ ಸೀಟನ್ನೇ ಆರಿಸಿಕೊಳ್ಳಲು ಕಾರಣವಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ. ಅವರಲ್ಲಿ 8,384 ಮಂದಿ ಚಾಲಕರಾದರೆ, 8,331 ಮಂದಿ ಪ್ರಯಾಣಿಕರು. ಮುಂದಿನ ಎರಡು ಸೀಟುಗಳಿಗೆ ಎಚ್ಚರಿಕೆಯ ಸದ್ದು 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಕಡ್ಡಾಯವಾಗಿದೆ. ಆದರೆ ರಸ್ತೆಯ ಮೇಲಿರುವ ಬಹುಪಾಲು ಕಾರುಗಳಲ್ಲಿ ಹಿಂದೆ ಕುಳಿತವರನ್ನು ಕೇಳುವವರಿಲ್ಲ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದರೆಂದು ಪೊಲೀಸರು ಹೇಳಿದ್ದರು. ಬೆಲ್ಟ್ ಧರಿಸದ ಪ್ರಯಾಣಿಕರನ್ನು ಕರೆದೊಯ್ದರೂ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ ₹1,000 ದಂಡವಿದೆ ಎಂಬುದು ಎಷ್ಟೋ ಕಾರು ಮಾಲೀಕರಿಗೆ ಈಗಲೂ ತಿಳಿಯದು.

ಮೊದಲ ವಾರ ಬೆಸುಗೆ ಕಡ್ಡಿಯನ್ನು ಮುಟ್ಟಬೇಡಿ. ಶಿಕ್ಷಕರೊಬ್ಬರನ್ನು ಜೊತೆಗಿಟ್ಟುಕೊಂಡು, ಬೆಳಿಗ್ಗೆ ಶಾಲೆಯ ಗೇಟಿನ ಒಳಗೆ ಸುರಕ್ಷಿತ ಜಾಗದಲ್ಲಿ ನಿಂತು ಬರುವ ಕಾರುಗಳನ್ನು ಎಣಿಸಿ. ಹಿಂದೆ ಎಷ್ಟು ಮಂದಿ ಕುಳಿತಿದ್ದರು, ಅವರಲ್ಲಿ ಎಷ್ಟು ಮಂದಿ ಬೆಲ್ಟ್ ಹಾಕಿದ್ದರು ಎಂಬ ಎರಡೇ ಅಂಕಿಗಳು ಸಾಕು. ನಂಬರ್ ಪ್ಲೇಟ್, ಹೆಸರು, ಫೋಟೊ ಯಾವುದೂ ಬೇಡ. ಐದು ದಿನ ಎಣಿಸಿದರೆ ಆರಂಭದ ಸರಾಸರಿ ಸಿಗುತ್ತದೆ. ಆಮೇಲೆ ಇಪ್ಪತ್ತು ಮನೆಗಳಲ್ಲಿ ಬೆಲ್ಟ್ ಏಕೆ ಹಾಕುವುದಿಲ್ಲವೆಂದು ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಇಲ್ಲೇ ಹತ್ತಿರ ತಾನೆ’, ‘ಹಿಂದೆ ಕೂತವರಿಗೆ ಯಾಕೆ’, ‘ಸೀರೆ ಮುದುಡುತ್ತದೆ’ ಎಂಬವು ನಿರೀಕ್ಷಿತ ಉತ್ತರಗಳೇ. ಇವುಗಳ ಜೊತೆಗೆ ಕಾರಿನ ಬಾಗಿಲು ತೆರೆದು ಹಿಂದಿನ ಬಕಲ್ ಎಲ್ಲಿದೆ ಎಂದು ನೋಡಿದರೆ, ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣ ಕಣ್ಣಿಗೆ ಬೀಳುತ್ತದೆ: ನಮ್ಮಲ್ಲಿ ಹೊಸ ಕಾರು ಕೊಂಡ ಕೂಡಲೇ ಹಾಕಿಸುವ ಸೀಟ್ ಕವರ್‌ನ ಅಡಿಯಲ್ಲಿ ಬಕಲ್‌ಗಳು ಹೂತುಹೋಗಿರುತ್ತವೆ. ಟ್ಯಾಕ್ಸಿಗಳಲ್ಲಂತೂ ಬೆರಳು ತೂರಿಸಿ ತಡಕಿದರೂ ಕೆಲವೊಮ್ಮೆ ಅವು ಸಿಗುವುದಿಲ್ಲ. ಇಂಥ ಕಾರುಗಳ ಸಂಖ್ಯೆಯನ್ನು ಬೇರೆಯಾಗಿ ದಾಖಲಿಸಿ, ಬಕಲ್ ಹೊರತೆಗೆಸುವಂತೆ ಮನೆಯವರಿಗೆ ತಿಳಿಸಿ. ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಾಜೆಕ್ಟ್‌ನಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತ ಕೆಲಸ ಇದೇ.

‘ಹಿಂದೆ ಯಾಕೆ’ ಎಂದವರಿಗೆ ಉತ್ತರ ಕೊಡಲು ಒಂಬತ್ತನೇ ತರಗತಿಯ ಭೌತವಿಜ್ಞಾನ ಸಾಕು. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್. ಈ ವೇಗದಲ್ಲಿ ಬಡಿಯುವುದೂ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಕಟ್ಟಡದ ತಾರಸಿಯಿಂದ, ಬೀಳುವುದೂ ಒಂದೇ. ಕಾರು ಹತ್ತನೇ ಒಂದು ಸೆಕೆಂಡಿನಲ್ಲಿ ನಿಂತಿತೆಂದು ಇಟ್ಟುಕೊಂಡರೆ, 50 ಕಿಲೋ ತೂಕದವರನ್ನು ಅಷ್ಟರಲ್ಲಿ ತಡೆಯಲು ಅವರ ತೂಕದ ಹದಿನಾಲ್ಕು ಪಟ್ಟು ಬಲ ಬೇಕು. ಕೈಯೂರಿ ತಡೆದುಕೊಳ್ಳುತ್ತೇನೆ ಎನ್ನುವುದು ಆಗದ ಮಾತು. ಬೆಲ್ಟ್ ಇಲ್ಲದ ದೇಹ ಮುಂದಿನ ಸೀಟಿಗೆ ಅಪ್ಪಳಿಸಿ, ಬೆಲ್ಟ್ ಹಾಕಿ ಕುಳಿತವರನ್ನೂ ಅಪಾಯಕ್ಕೆ ಒಡ್ಡುತ್ತದೆ.

ಇನ್ನು ತಯಾರಿಕೆ. ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ (ಕೇಂದ್ರ ಸರ್ಕಾರದ ಯೋಜನೆಯಡಿ ಶಾಲೆಗಳಲ್ಲಿರುವ ಪ್ರಯೋಗಶಾಲೆ) ಇದ್ದರೆ ಬಹುತೇಕ ಸಾಮಗ್ರಿ ಅಲ್ಲೇ ಸಿಕ್ಕೀತು: ಆರ್ಡುಯಿನೊ ಊನೊ ಎಂಬ, ಪ್ರೋಗ್ರಾಂ ಬರೆದು ನಡೆಸಬಹುದಾದ ಪುಟ್ಟ ಬೋರ್ಡ್, ಒತ್ತಡ ಗ್ರಹಿಸುವ ಎರಡು ತೆಳು ಸೆನ್ಸರ್‌ಗಳು, ಎರಡು 10 ಕಿಲೋಓಮ್ ರೆಸಿಸ್ಟರ್‌ಗಳು, ಅಯಸ್ಕಾಂತ ಹತ್ತಿರ ಬಂದರೆ ಮುಚ್ಚುವ ಒಂದು ರೀಡ್ ಸ್ವಿಚ್, ಪುಟ್ಟ ಅಯಸ್ಕಾಂತ, ಎಲ್‌ಇಡಿ, ಡಿಎಫ್‌ಪ್ಲೇಯರ್ ಮಿನಿ ಎಂಬ ಧ್ವನಿ ಮಾಡ್ಯೂಲ್, ಮೆಮೊರಿ ಕಾರ್ಡ್, ಸಣ್ಣ ಸ್ಪೀಕರ್, ಪವರ್ ಬ್ಯಾಂಕ್. ಬೆಲ್ಟ್ ಮತ್ತು ಬಕಲ್ ಗುಜರಿಯಿಂದ ತನ್ನಿ, ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಿವೆ. ಗುಜರಿಯ ಬೆಲ್ಟ್ ಅಪಘಾತದಲ್ಲಿ ಹಿಗ್ಗಿದ್ದಿರಬಹುದಾದ್ದರಿಂದ ಅದನ್ನು ಎಂದಿಗೂ ನಿಜವಾದ ಕಾರಿಗೆ ಹಾಕಬಾರದು. ಬೆಂಚಿಗೆ ಜೋಡಿಸಿದ ಮಾದರಿಗೆ ಮಾತ್ರ ಬಳಸಬೇಕು.

ಬೆಂಚಿನ ಎಡಕ್ಕೊಂದು, ಬಲಕ್ಕೊಂದು ಒತ್ತಡದ ಸೆನ್ಸರನ್ನು ತೆಳು ಸ್ಪಂಜಿನ ಕೆಳಗೆ ಇರಿಸಿ. ಪ್ರತಿ ಸೆನ್ಸರ್‌ನ ಒಂದು ಕಾಲು 5 ವೋಲ್ಟ್‌ಗೆ, ಇನ್ನೊಂದು ಅನಲಾಗ್ ಪಿನ್‌ಗೆ; ಅದೇ ಪಿನ್‌ನಿಂದ 10 ಕಿಲೋಓಮ್ ರೆಸಿಸ್ಟರ್ ಗ್ರೌಂಡ್‌ಗೆ. ಬೋರ್ಡ್ ಇದನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಖಾಲಿ ಬೆಂಚು, ಪುಸ್ತಕ ತುಂಬಿದ ಬ್ಯಾಗ್, ಆರನೇ ತರಗತಿಯ ಹುಡುಗಿ, ಶಿಕ್ಷಕರು ಹೀಗೆ ಬೇರೆಬೇರೆ ಭಾರಕ್ಕೆ ಬರುವ ಅಂಕಿಗಳನ್ನು ಪಟ್ಟಿ ಮಾಡಿದ ಮೇಲೆಯೇ ಗಡಿಸಂಖ್ಯೆಯನ್ನು, ಅಂದರೆ ಎಷ್ಟು ದಾಟಿದರೆ ಭಾರವಿದೆ ಎನ್ನಬೇಕೆಂಬುದನ್ನು, ನಿಗದಿ ಮಾಡಿ. ಬ್ಯಾಗನ್ನು ಮನುಷ್ಯರೆಂದು ತಿಳಿಯುವ ತಪ್ಪೇ 1974ರ ಕಾರುಗಳ ದೊಡ್ಡ ದೋಷವಾಗಿತ್ತಲ್ಲವೇ? ಬ್ಯಾಗ್ ಇಟ್ಟಲ್ಲೇ ಇರುತ್ತದೆ, ಮನುಷ್ಯರು ಮಿಸುಕಾಡುತ್ತಾರೆ. ಆದ್ದರಿಂದ ಎರಡೂ ಸೆನ್ಸರ್‌ಗಳಲ್ಲಿ ಭಾರವಿದ್ದು, ಕೆಲವು ಸೆಕೆಂಡುಗಳಲ್ಲಿ ಅಂಕಿ ಏರಿಳಿದರೆ ಮಾತ್ರ ‘ಯಾರೋ ಕುಳಿತಿದ್ದಾರೆ’ ಎಂದು ಪರಿಗಣಿಸುವಂತೆ ಪ್ರೋಗ್ರಾಂ ಬರೆಯಿರಿ. ಚಲಿಸುವ ಕಾರಿನಲ್ಲಿ ಬ್ಯಾಗ್ ಕೂಡ ಕುಲುಕುವುದರಿಂದ ಈ ಪರೀಕ್ಷೆ ಕಾರು ಹೊರಡುವ ಮುನ್ನ ಮುಗಿಯಬೇಕು. ಗುಂಡಿ ಸಿಕ್ಕಾಗ ಕುಳಿತವರು ಕ್ಷಣಕಾಲ ಮೇಲೆದ್ದಂತಾಗುತ್ತದೆ. ಹಾಗಾಗಿ ಭಾರವಿಲ್ಲದ ಸ್ಥಿತಿ ಮೂರು ಸೆಕೆಂಡು ಮುಂದುವರಿದರೆ ಮಾತ್ರ ಸೀಟು ಖಾಲಿ ಎಂದು ಲೆಕ್ಕ ಹಿಡಿಯಿರಿ.

ಬಕಲ್‌ಗೆ ಸಿಕ್ಕಿಸುವ ಬೆಲ್ಟಿನ ನಾಲಿಗೆಗೆ ಅಯಸ್ಕಾಂತವನ್ನೂ ಬಕಲ್‌ನ ಹೊರಮೈಗೆ ರೀಡ್ ಸ್ವಿಚ್ಚನ್ನೂ ಅಂಟಿಸಿದರೆ, ಬೆಲ್ಟ್ ಸೇರಿದೊಡನೆ ಸ್ವಿಚ್ ಮುಚ್ಚುತ್ತದೆ. ಇಲ್ಲಿ ಮೋಸವನ್ನೂ ಎಣಿಕೆಗೆ ತೆಗೆದುಕೊಳ್ಳಬೇಕು. ಎಚ್ಚರಿಕೆಯ ಸದ್ದು ಅಡಗಿಸಲು ಬಕಲ್‌ಗೆ ಬರಿಯ ಕ್ಲಿಪ್ ತೂರಿಸುವ ಚಟ ಎಷ್ಟು ಬೆಳೆದಿತ್ತೆಂದರೆ, ಅಂಥ ಕ್ಲಿಪ್‌ಗಳನ್ನು ಪಟ್ಟಿಯಿಂದ ತೆಗೆಯುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಲ್ಲಿ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶಿಸಬೇಕಾಯಿತು. ಇದಕ್ಕೆ ಸರಳ ಉತ್ತರ ಕ್ರಮದಲ್ಲಿದೆ: ಮೊದಲು ಭಾರ, ಆಮೇಲೆ ಬಕಲ್. ಯಾರೂ ಕೂರುವ ಮೊದಲೇ ಬಕಲ್ ಮುಚ್ಚಿದ್ದರೆ ಅದನ್ನು ಬೆಲ್ಟ್ ಎಂದು ಒಪ್ಪಬಾರದು. ಈ ಒಂದು ನಿಯಮದಿಂದ ಕ್ಲಿಪ್ಪೂ, ಬೆಲ್ಟನ್ನು ಬೆನ್ನ ಹಿಂದೆ ಮೊದಲೇ ಸಿಕ್ಕಿಸಿಟ್ಟು ಅದರ ಮೇಲೆ ಕೂರುವ ಅಭ್ಯಾಸವೂ ಸಿಕ್ಕಿಬೀಳುತ್ತವೆ.

ಸದ್ದು ಹೇಗಿರಬೇಕೆಂಬುದರಲ್ಲಿ ಆತುರ ಬೇಡ. ಕುಳಿತು ಹತ್ತು ಸೆಕೆಂಡು ಸುಮ್ಮನಿದ್ದು, ನಂತರ ದೀಪ, ಇನ್ನೂ ಹಾಕದಿದ್ದರೆ ಧ್ವನಿ ಎಂಬ ಮೆಟ್ಟಿಲುಗಳಿರಲಿ. ಕರ್ಕಶ ಬಜರ್‌ಗಿಂತ ಆ ಮನೆಯ ಮಗುವಿನದೇ ದನಿಯಲ್ಲಿ ‘ಅಜ್ಜೀ, ಬೆಲ್ಟ್ ಹಾಕ್ಕೊಳ್ಳಿ’ ಎಂದು ರೆಕಾರ್ಡ್ ಮಾಡಿ ಕಾರ್ಡಿಗೆ ಹಾಕಿ. ಮೊಮ್ಮಗಳ ಮಾತನ್ನು ಅಜ್ಜಿ ತೆಗೆದುಹಾಕುವುದು ಕಡಿಮೆ. ಪ್ರೋಗ್ರಾಂನಲ್ಲಿ ‘ಡಿಲೇ’ ಆದೇಶ ಬಳಸಿದರೆ ಕಾಯುವ ಹೊತ್ತಿನಲ್ಲಿ ಬೋರ್ಡ್ ಸೆನ್ಸರ್‌ಗಳನ್ನು ಓದುವುದೇ ಇಲ್ಲ. ಸಮಯ ಎಣಿಸಲು, ಬೋರ್ಡ್ ಚಾಲೂ ಆದಾಗಿನಿಂದ ಕಳೆದ ಮಿಲಿಸೆಕೆಂಡುಗಳನ್ನು ತಿಳಿಸುವ ‘ಮಿಲ್ಲಿಸ್’ ಬಳಸಿ.

ಕಾರಿನೊಳಗಿನ ಪ್ರಯೋಗಕ್ಕೆ ಬಕಲ್ ಭಾಗವನ್ನು ಕೈಬಿಡಿ. ನಿಜವಾದ ಬೆಲ್ಟ್‌ಗೆ ಅಯಸ್ಕಾಂತ, ಅಂಟು, ತಂತಿ ಏನನ್ನೂ ತಾಗಿಸಬಾರದು. ಸೀಟಿನಡಿ ಕಾಣುವ ಹಳದಿ ಕನೆಕ್ಟರ್‌ಗಳು ಸಾಮಾನ್ಯವಾಗಿ ಏರ್‌ಬ್ಯಾಗ್ ಮತ್ತು ಬೆಲ್ಟ್ ಬಿಗಿಗೊಳಿಸುವ ವ್ಯವಸ್ಥೆಯವು, ಅವುಗಳ ಹತ್ತಿರ ಕೈ ಹಾಕಲೇಬಾರದು. ಸ್ಪಂಜಿನ ಸಮೇತ ಒತ್ತಡದ ಸೆನ್ಸರ್‌ಗಳನ್ನು ಹಿರಿಯರ ಸಮ್ಮುಖದಲ್ಲಿ ಸೀಟ್ ಕವರ್‌ನ ಕೆಳಗಿಟ್ಟು, ಬೋರ್ಡ್, ಸ್ಪೀಕರ್ ಮತ್ತು ಪವರ್ ಬ್ಯಾಂಕನ್ನು ಮುಂದಿನ ಸೀಟಿನ ಬೆನ್ನಿನ ಜೇಬಿನಲ್ಲಿ ಭದ್ರಪಡಿಸಿ. ಈ ಆವೃತ್ತಿ ಕುಳಿತು ಹತ್ತು ಸೆಕೆಂಡಾದ ಮೇಲೆ ಒಂದೇ ಸಲ ನೆನಪಿಸಿ ಸುಮ್ಮನಾಗುತ್ತದೆ.

ಒಪ್ಪಿದ ಐದಾರು ಮನೆಗಳಲ್ಲಿ ಸಾಧನ ಇಡುವುದಕ್ಕೆ ಮುಂಚಿನ ಒಂದು ವಾರ, ಇಟ್ಟ ಎರಡು ವಾರ, ತೆಗೆದ ನಂತರದ ಒಂದು ವಾರ ಹೀಗೆ ಪ್ರತಿ ಪ್ರಯಾಣದಲ್ಲೂ ಬೆಲ್ಟ್ ಹಾಕಿದವರ ಲೆಕ್ಕವನ್ನು ಮನೆಯ ವಿದ್ಯಾರ್ಥಿಯೇ ಬರೆದಿಡಲಿ. ತೀರ್ಪುಗಾರರು ನೋಡಬೇಕಾದದ್ದು ಮೂರನೆಯ ಲೆಕ್ಕವನ್ನು, ಏಕೆಂದರೆ ದನಿ ಇಲ್ಲದಾಗಲೂ ಅಜ್ಜಿಯ ಕೈ ಬೆಲ್ಟಿನತ್ತ ಹೋಯಿತೇ ಎಂಬುದು ಅಲ್ಲಿ ಮಾತ್ರ ತಿಳಿಯುತ್ತದೆ. ಆ ಅಂಕಿ ಮೊದಲ ವಾರದ್ದಕ್ಕೇ ಮರಳಿದ್ದರೂ ಹಾಗೆಯೇ ವರದಿಯಲ್ಲಿ ಬರೆಯಿರಿ. ಮುಂದಿನ ವರ್ಷದ ತಂಡ ತನ್ನ ಕೆಲಸವನ್ನು ಅಲ್ಲಿಂದ ಆರಂಭಿಸಬಹುದು.