ನೀತಿ ಕೇಳಬೇಡಿ, ಇಲಿಗೆ ಏನನ್ನಿಸಿತು ಕೇಳಿ

ಕಥೆ ಮುಗಿದ ಕೂಡಲೇ 'ಇದರಿಂದ ಏನು ನೀತಿ ಕಲಿತೆ?' ಎಂದು ಕೇಳುವುದು ನಮ್ಮ ಮನೆಗಳಲ್ಲೂ ಶಾಲೆಗಳಲ್ಲೂ ಹಳೆಯ ರೂಢಿ. 'ಎಲ್ಲರಿಗೂ ಸಹಾಯ ಮಾಡಬೇಕು' ಎಂದು ಮಗು ಪಾಠ ಒಪ್ಪಿಸುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ದಯೆ, ಗೆಳೆತನ, ಭಯ, ಮುನಿಸುಗಳ ಬಗ್ಗೆ ಮಕ್ಕಳು ನಿಜವಾಗಿ ಬಾಯಿಬಿಡಬೇಕಾದರೆ ಆ ಪ್ರಶ್ನೆಯನ್ನು ಬಿಟ್ಟು, ಕಥೆಯನ್ನು ನಡುವೆಯೇ ನಿಲ್ಲಿಸಬೇಕು. ಪಂಚತಂತ್ರದ ಎರಡನೆಯ ತಂತ್ರ, ಅಂದರೆ ಎರಡನೆಯ ಭಾಗವಾದ 'ಮಿತ್ರಸಂಪ್ರಾಪ್ತಿ' ಇದಕ್ಕೆ ಬಹಳ ಚೆನ್ನಾಗಿ ಒದಗುತ್ತದೆ.

1. ಮೊದಲು ನೀವೊಬ್ಬರೇ ಓದಿಕೊಳ್ಳಿ. ಪಾತ್ರವೊಂದು 'ಈಗ ಏನು ಮಾಡಲಿ' ಎಂದು ತಡವರಿಸುವ ಜಾಗ ಎಲ್ಲಿದೆ ನೋಡಿ. ಅಲ್ಲೇ ನಿಲ್ಲಬೇಕು. ಒಳ್ಳೆಯವರು ಪೂರಾ ಒಳ್ಳೆಯವರು, ಕೆಟ್ಟವರು ಪೂರಾ ಕೆಟ್ಟವರು ಆಗಿರುವ ಕಥೆಗಳಲ್ಲಿ ಇಂಥ ಜಾಗ ಸಿಗುವುದು ಕಷ್ಟ.

2. ಒಂದು ಕಡೆ, ಹೆಚ್ಚೆಂದರೆ ಎರಡು ಕಡೆ ನಿಲ್ಲಿಸಿ. ಬಲೆಗೆ ಬಿದ್ದ ಪಾರಿವಾಳಗಳು ಬಲೆಯ ಸಮೇತ ಹಾರಿ ಇಲಿ ಹಿರಣ್ಯಕನ ಬಳಿ ಬರುತ್ತವೆ. ಪಾರಿವಾಳಗಳ ರಾಜ ಚಿತ್ರಗ್ರೀವ ಇಲಿಯ ಗೆಳೆಯ. ಅವನ ಕಟ್ಟನ್ನು ಕಡಿಯಲು ಇಲಿ ಮುಂದಾದಾಗ ಅವನು, 'ಮೊದಲು ನನ್ನವರನ್ನು ಬಿಡಿಸು' ಎನ್ನುತ್ತಾನೆ. ಇದು ಮೊದಲ ನಿಲುಗಡೆ.

ಎರಡನೆಯದು ಇನ್ನೂ ಒಳ್ಳೆಯದು. ಇದನ್ನೆಲ್ಲ ನೋಡಿದ ಕಾಗೆ ಲಘುಪತನಕ ಬಿಲದ ಬಳಿ ಬಂದು ಇಲಿಯ ಸ್ನೇಹ ಬೇಡುತ್ತದೆ. ಇಲಿ ಹೊರಗೆ ಬರುವುದಿಲ್ಲ. 'ನೀನು ತಿನ್ನುವವನು, ನಾನು ನಿನ್ನ ಆಹಾರ, ನಮಗೆಂಥ ಗೆಳೆತನ?' ಎಂದು ಒಳಗಿಂದಲೇ ಉತ್ತರಿಸುತ್ತದೆ. ಇಲ್ಲಿ ಪುಸ್ತಕ ಮುಚ್ಚಿ.

3. ಸಣ್ಣ ಪ್ರಶ್ನೆ ಕೇಳಿ. 'ಇಲಿಗೆ ಈಗ ಹೇಗಾಗ್ತಿರಬಹುದು?' 'ಎದೆ ಡವಡವ ಅಂತಿದೆಯಾ?' 'ಕಾಗೆಗೆ ಬೇಜಾರಾಯ್ತಾ, ಸಿಟ್ಟು ಬಂತಾ?' ಚಿಕ್ಕವರು 'ಹೆದರಿಕೆ' ಎಂದಷ್ಟೇ ಹೇಳಿದರೆ ಸಾಕು. ಎಂಟು, ಹತ್ತು ವರ್ಷದವರಿಗೆ ಅಳುಕು, ಅನುಮಾನ, ಅವಮಾನ ಎಂಬ ಮಾತುಗಳನ್ನೂ ಕೊಡಿ. ಉತ್ತರ ಬರುವವರೆಗೆ ಕಾಯಿರಿ. ಆ ಮೌನವನ್ನು ನಾವೇ ತುಂಬಿಬಿಟ್ಟರೆ ಮಗು ಯೋಚಿಸುವುದನ್ನು ನಿಲ್ಲಿಸಿಬಿಡುತ್ತದೆ.

4. ಇಲಿಯನ್ನು ತಪ್ಪಿತಸ್ಥ ಮಾಡಬೇಡಿ. ನನಗೆ ಇದು ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ದಯೆ ಎಂದರೆ ಕರೆದವರ ಬಳಿಗೆಲ್ಲ ಹೋಗುವುದಲ್ಲ. ಕಥೆಯಲ್ಲಿ ಇಲಿ ಬಿಲದೊಳಗಿದ್ದೇ ಮಾತಾಡಿ, ಕಾಗೆಯನ್ನು ಅಳೆದು ನೋಡಿ, ನಂಬಿಕೆ ಹುಟ್ಟಿದ ಮೇಲಷ್ಟೇ ಹತ್ತಿರವಾಗುತ್ತದೆ. 'ಬೇಡ' ಎನ್ನುವ ಹಕ್ಕು ಇಲಿಗಿದೆ, ಕಾಯುವ ಕೆಲಸ ಕಾಗೆಯದು. ಮಗು 'ಇಲಿ ಹೊರಗೆ ಬರಲೇಬಾರದು' ಎಂದರೆ 'ಛೇ, ಹಾಗನ್ನಬಾರದು' ಎನ್ನದೆ, 'ಯಾಕೆ ಹಾಗನ್ನಿಸಿತು?' ಎಂದು ಕೇಳಿ. ಶಾಲೆಯಲ್ಲಿ ಯಾರೋ ಕಾಡಿಸುತ್ತಿರುವ ಸುದ್ದಿ ಹೊರಬರುವುದು ಇಂಥ ಹೊತ್ತಿನಲ್ಲೇ.

5. ಕಥೆಯನ್ನು ಮಗುವಿನ ಕಡೆ ಬೆರಳಾಗಿ ತೋರಿಸಬೇಡಿ. 'ನೋಡು, ನೀನು ನಿನ್ನೆ ತಂಗಿಗೆ ಹೊಡೆದೆಯಲ್ಲ' ಎಂದರೆ ಕಥೆ ಅಲ್ಲಿಗೇ ಬೈಗುಳವಾಗುತ್ತದೆ. ಬದಲಿಗೆ ನಿಮ್ಮದೊಂದು ಅನುಭವ ಹೇಳಿ: ಹೊಸ ಊರಿನಲ್ಲಿ ಯಾರ ಜೊತೆ ಮಾತಾಡಲೂ ಅಳುಕಿದ್ದು, ಗೆಳತಿ ಟೂ ಬಿಟ್ಟಾಗ ಅತ್ತದ್ದು. ತನ್ನದನ್ನು ಹೇಳಬೇಕೋ ಬೇಡವೋ ಎಂಬುದು ಮಗುವಿಗೆ ಬಿಟ್ಟದ್ದು.

6. ಆಡಿಸಿ. ಮಂಚದ ಕೆಳಗೆ ಬಿಲ, ಮೇಲೆ ಕಾಗೆ. ಸ್ವಲ್ಪ ಹೊತ್ತಿನ ಮೇಲೆ ಪಾತ್ರ ಅದಲುಬದಲಾಗಲಿ. ಬಾಯಲ್ಲಿ ಹೇಳಲಾಗದ್ದನ್ನು ಎಷ್ಟೋ ಮಕ್ಕಳು ಕಾಗೆಯ ದನಿಯಲ್ಲಿ ಹೇಳಿಬಿಡುತ್ತಾರೆ.

7. ಎಲ್ಲವನ್ನೂ ಒಂದೇ ರಾತ್ರಿ ಮುಗಿಸಬೇಡಿ. ಮುಂದೆ ಈ ಗೆಳೆಯರ ಗುಂಪಿಗೆ ಆಮೆ, ಜಿಂಕೆಗಳೂ ಸೇರುತ್ತವೆ. ಬಲೆಗೆ ಬಿದ್ದ ಜಿಂಕೆಯನ್ನು ಹುಡುಕುತ್ತಾ ಬಂದ ಆಮೆ ತಾನೇ ಬೇಡನ ಕೈಗೆ ಸಿಕ್ಕುವ ಭಾಗವನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ನಿಧಾನ ನಡೆಯುವ ಆಮೆ ಕೊಳದಲ್ಲೇ ಇರಬಹುದಿತ್ತು, ಆದರೂ ಬಂತು. ಅದು ಬಂದದ್ದು ಸರಿಯೋ ತಪ್ಪೋ ಎಂಬ ಬಗ್ಗೆ ಮಕ್ಕಳು ಜಗಳಾಡಿದರೆ ಆಡಲಿ ಬಿಡಿ, ತೀರ್ಪು ಕೊಡಲು ಹೋಗಬೇಡಿ.