ಜಾಡು ತಪ್ಪಿದಾಗ ಸುಮ್ನೆ ನಿಲ್ಲೋದು: ನಾಯಿ ಜೊತೆ ಬಾಬ್‌ಕ್ಯಾಟ್ ಬೇಟೆ

ನಾಯಿ ಬಿಟ್ಟು ಬಾಬ್‌ಕ್ಯಾಟ್ (ಅಮೆರಿಕದ ಮೋಟುಬಾಲದ ಕಾಡುಬೆಕ್ಕು) ಬೇಟೆ ಅಂದರೆ ಓಟ, ಗದ್ದಲ, ಬಂದೂಕು ಅಂದುಕೊಳ್ಳುವವರೇ ಜಾಸ್ತಿ. ನನ್ನ ಮಟ್ಟಿಗೆ ಅದರಲ್ಲಿ ಮುಕ್ಕಾಲು ಪಾಲು ಕಾಯೋದೇ.

ನಾನು ಹೋಗುವುದು ಟೆಕ್ಸಸ್‌ನ ಎಡ್ವರ್ಡ್ಸ್ ಪ್ಲಾಟೋ ಸೀಮೆಗೆ, ರಾಕ್‌ಸ್ಪ್ರಿಂಗ್ಸ್ ಊರಿನ ಕಡೆಯ ದನ, ಆಡು ಸಾಕುವ ರ‍್ಯಾಂಚುಗಳಿಗೆ. ಅಂಗೋರಾ ಆಡಿಗೆ ಹೆಸರಾದ ಜಾಗ. ಸುಣ್ಣಕಲ್ಲಿನ ನೆಲ, ಓಕ್ ಮರ, ಜೂನಿಪರ್ ಪೊದೆ, ಮಧ್ಯೆ ನಮ್ಮ ಪಾಪಸುಕಳ್ಳಿ. ಬಳ್ಳಾರಿ ಜಾಲಿಯ ದಾಯಾದಿ ಮೆಸ್ಕೀಟ್ ಕೂಡ ಇದೆ, ಮುಳ್ಳಿನಲ್ಲಿ ಏನೂ ಕಡಿಮೆಯಿಲ್ಲ. ಆಡುಗಳು ಈಯುವ ಕಾಲದಲ್ಲಿ ಬಾಬ್‌ಕ್ಯಾಟ್ ಬಾಯಿಗೆ ಮರಿ ಕಳೆದುಕೊಂಡವರು ಫೋನ್ ಮಾಡುತ್ತಾರೆ.

ಟೆಕ್ಸಸ್‌ನಲ್ಲಿ ಬಾಬ್‌ಕ್ಯಾಟ್ ಬೇಟೆಗೆ ವರ್ಷವಿಡೀ ಅವಕಾಶವಿದೆ, ಇಷ್ಟೇ ಎಂಬ ಮಿತಿಯೂ ಇಲ್ಲ. ಬೇಟೆ ಲೈಸೆನ್ಸ್ ಇರಬೇಕು, ಜಮೀನಿನವರು ಒಪ್ಪಿರಬೇಕು. ಚರ್ಮ ರಾಜ್ಯದಿಂದ ಆಚೆ ಹೋಗಬೇಕಾದರೆ ಅದಕ್ಕೆ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಟ್ಯಾಗ್ ಬೇಕು. ಕಾನೂನು ಬಿಟ್ಟಿದೆ ಅಂತ ನಾನು ವರ್ಷವಿಡೀ ಹೋಗುವುದಿಲ್ಲ. ನವೆಂಬರ್‌ನಿಂದ ಜನವರಿ ಅರ್ಧದವರೆಗೆ ಜಿಂಕೆ ಸೀಸನ್. ದುಡ್ಡು ಕೊಟ್ಟು ಜಿಂಕೆ ಬೇಟೆಗೆ ಜಮೀನು ಲೀಸ್ ಹಿಡಿದವರು ಅಟ್ಟಣಿಗೆ ಮೇಲೆ ಕೂತಿರುವಾಗ ನಾಯಿ ಬಿಟ್ಟರೆ ಯಾರು ಸುಮ್ಮನಿರುತ್ತಾರೆ? ಏಪ್ರಿಲ್ ಬಂದರೆ ಬಾಬ್‌ಕ್ಯಾಟ್‌ಗಳೂ ಮರಿ ಹಾಕುತ್ತವೆ. ಉಳಿಯೋದು ನಡುವಿನ ಕೆಲವು ವಾರ. ಅಷ್ಟು ಸಾಕು.

ನನ್ನ ಹತ್ತಿರ ಮೂರು ನಾಯಿಗಳಿವೆ. ಬ್ಲೂಟಿಕ್ ತಳಿಯ ಕರಿಯ, ಟ್ರೀಯಿಂಗ್ ವಾಕರ್ ತಳಿಯ ಗೌರಿ, ಅವಳ ಮಗ ಬಸ್ಯ. ನನಗೆ ಈ ವಿದ್ಯೆ ಕಲಿಸಿದ ರ‍್ಯಾಂಚಿನ ಅಜ್ಜ ಕರಿಯನನ್ನು ಇವತ್ತಿಗೂ 'ಕ್ಯಾರಿ' ಅಂತಲೇ ಕರೆಯುತ್ತಾರೆ. ನಾಯಿಯೂ ಓ ಅನ್ನುತ್ತದೆ, ಇನ್ನು ನನ್ನದೇನು? ಊರಿನವರಿಗೆ ಬೇಟೆನಾಯಿ ಅಂದರೆ ಮುಧೋಳ ನೆನಪಾಗುತ್ತದೆ. ಅದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವ ನಾಯಿ. ಇವು ಮೂಗಿನ ನಾಯಿಗಳು. ಎದುರಿಗೆ ಏನೂ ಕಾಣದಿದ್ದರೂ, ರಾತ್ರಿ ಹಾದುಹೋದ ಪ್ರಾಣಿಯ ವಾಸನೆ ಹಿಡಿದು ಗಂಟೆಗಟ್ಟಲೆ ಕೆಲಸ ಮಾಡುತ್ತವೆ. ಮರಿಯಿದ್ದಾಗಲೇ ಕಲಿಸಬೇಕಾದ ಮೊದಲ ಪಾಠ ಜಿಂಕೆಯ ಸುದ್ದಿಗೆ ಹೋಗದಿರುವುದು. ನಾಯಿ ಬಿಟ್ಟು ಜಿಂಕೆ ಬೇಟೆಯಾಡುವುದು ಇಲ್ಲಿ ಅಪರಾಧ. ಜಿಂಕೆ ಹಿಂದೆ ಓಡುವ ನಾಯಿ ಎಷ್ಟೇ ಒಳ್ಳೆಯದಿರಲಿ, ನಾನು ಇಟ್ಟುಕೊಳ್ಳುವುದಿಲ್ಲ.

ಹೊರಡುವ ದಿನ ನೆಲವನ್ನು ನೋಡುತ್ತೇನೆ. ಒಣ ಸುಣ್ಣಕಲ್ಲಿನ ಮೇಲೆ ಬೆಕ್ಕಿನ ವಾಸನೆ ನಿಲ್ಲುವುದೇ ಇಲ್ಲ. ಹಿಂದಿನ ದಿನ ಮಳೆ ಬಿದ್ದಿದ್ದರೆ, ಇಲ್ಲವೇ ಇಬ್ಬನಿ ಚೆನ್ನಾಗಿ ಬಿದ್ದು ಗಾಳಿ ಇಲ್ಲದಿದ್ದರೆ ಹೋಗಬಹುದು. ಬೆಳಕು ಹರಿಯುವ ಹೊತ್ತಿಗೆ ಮಣ್ಣಿನ ದಾರಿ, ಹಳ್ಳದ ಮರಳು, ದನ ನೀರು ಕುಡಿಯುವ ಕಟ್ಟೆಯಂಚು ನೋಡುತ್ತಾ ಹೋಗುತ್ತೇನೆ. ಹೆಜ್ಜೆ ದುಂಡಗೆ, ಸುಮಾರು 5 ಸೆಂಟಿಮೀಟರ್ ಅಗಲ, ಉಗುರಿನ ಗುರುತಿಲ್ಲ ಅಂದರೆ ಬಾಬ್‌ಕ್ಯಾಟ್. ತೋಳದ ಜಾತಿಯ ಕಯೋಟಿಯ ಹೆಜ್ಜೆ ಉದ್ದ, ಉಗುರು ಎದ್ದು ಕಾಣುತ್ತದೆ. ಹೆಜ್ಜೆ ಸಿಗದಿದ್ದರೆ ಪಿಕಪ್ ಮೇಲೆ ಕರಿಯನನ್ನು ಕಟ್ಟಿ ನಿಲ್ಲಿಸಿ ನಿಧಾನಕ್ಕೆ ಓಡಿಸುತ್ತೇನೆ. ಗಾಳಿಯಲ್ಲಿ ವಾಸನೆ ಸಿಕ್ಕರೆ ಅವನೇ ಕೂಗುತ್ತಾನೆ.

ಆಮೇಲೆ ಎಲ್ಲವೂ ಕಿವಿಯ ಕೆಲಸ. ಹಳೇ ಜಾಡಿನಲ್ಲಿ ಕರಿಯ ಉದ್ದಕ್ಕೆ ರಾಗ ಎಳೆಯುತ್ತಾನೆ, ನಡುನಡುವೆ ಮೌನ. ವಾಸನೆ ಬಿಸಿಯಾದಂತೆ ಮೂವರ ದನಿಯೂ ಒತ್ತೊತ್ತಾಗುತ್ತದೆ. ಬಾಬ್‌ಕ್ಯಾಟ್ ನೇರವಾಗಿ ದೂರಕ್ಕೆ ಓಡುವ ಪ್ರಾಣಿ ಅಲ್ಲ. ದಟ್ಟ ಪೊದೆಯೊಳಗೇ ಸುತ್ತು ಹಾಕುತ್ತದೆ, ಬಂದ ದಾರಿಯಲ್ಲೇ ವಾಪಸ್ ನಡೆಯುತ್ತದೆ, ಬಿದ್ದ ಮರದ ಮೇಲೆ ಹತ್ತಿ ಪಕ್ಕಕ್ಕೆ ಹಾರುತ್ತದೆ. ಇದ್ದಕ್ಕಿದ್ದಂತೆ ಮೂರೂ ನಾಯಿ ಗಪ್‌ಚುಪ್. ಇದೇ ಜಾಡು ತಪ್ಪಿದ ಜಾಗ. ಬೇಟೆ ಕೆಡುವುದೂ ಇಲ್ಲೇ, ಕುದುರುವುದೂ ಇಲ್ಲೇ.

ಹೊಸಬರು ಆಗ ಪೊದೆಗೆ ನುಗ್ಗುತ್ತಾರೆ. ನಾಯಿಯನ್ನು ಕರೆಯುತ್ತಾರೆ, 'ಅಲ್ಲಿ ನೋಡು' ಅಂತ ಕೈ ತೋರಿಸುತ್ತಾರೆ. ನಾಯಿ ತಲೆಯೆತ್ತಿ ಮನುಷ್ಯನ ಮುಖ ನೋಡಿತು ಅಂದರೆ ಮೂಗು ನೆಲ ಬಿಟ್ಟಿತು ಅಂತಲೇ ಲೆಕ್ಕ. ಮೇಲಿಂದ ನಮ್ಮ ಬೂಟು ವಾಸನೆಯನ್ನೂ ತುಳಿದು ಕೆಡಿಸುತ್ತದೆ. ನಾನು ನಿಂತಲ್ಲೇ ನಿಲ್ಲುತ್ತೇನೆ. ಕೈಯಲ್ಲಿರುವ ಗಾರ್ಮಿನ್ ಜಿಪಿಎಸ್ ಪರದೆಯಲ್ಲಿ ನಾಯಿಗಳ ಓಡಾಟ ಕಾಣುತ್ತದೆ. ಕರಿಯ ತಪ್ಪಿದ ಜಾಗದ ಸುತ್ತಲೇ ಸಣ್ಣ ಸುತ್ತು ಹಾಕುತ್ತಾನೆ. ಗೌರಿ ಹಾಗಲ್ಲ, ದೂರಕ್ಕೆ ಹೋಗಿ ದೊಡ್ಡ ಸುತ್ತು ಹೊಡೆಯುತ್ತಾಳೆ. ಬೆಕ್ಕು ಹೊರಬಿದ್ದ ಕಡೆ ಸಾಮಾನ್ಯವಾಗಿ ಸಿಗುವುದು ಅವಳಿಗೇ. ಬಸ್ಯ ಅಮ್ಮನ ಹಿಂದೆ. ಒಂದೇ ತರಹದ ಮೂರು ನಾಯಿ ಇಟ್ಟುಕೊಂಡರೆ ಈ ಲಾಭ ಇಲ್ಲ. ಅರ್ಧ ಗಂಟೆ ಹೋದರೂ ನಾನು ಬಾಯಿ ಬಿಡುವುದಿಲ್ಲ. ಸಿಗದೇ ಹೋದರೆ ಆವತ್ತು ಬೆಕ್ಕಿನ ದಿನ, ಅಷ್ಟೇ.

ಬೇಲಿ ಇನ್ನೊಂದು ತಲೆನೋವು. ಜಿಂಕೆ ಸಾಕುವ ರ‍್ಯಾಂಚುಗಳಲ್ಲಿ 8 ಅಡಿ ಎತ್ತರದ ಬಲೆಬೇಲಿ. ಬೆಕ್ಕು ಎಲ್ಲೋ ಸಂದಿ ಹುಡುಕಿ ನುಸುಳುತ್ತದೆ, ನಾಯಿ ಇತ್ತಕಡೆ ಉಳಿಯುತ್ತದೆ. ಕಂಬಕ್ಕೆ ನೇರಳೆ ಬಣ್ಣದ ಪಟ್ಟಿ ಬಳಿದಿದ್ದರೆ ಟೆಕ್ಸಸ್ ಕಾನೂನಿನ ಪ್ರಕಾರ ಅದು 'ಒಳಗೆ ಬರಬೇಡ' ಎಂಬ ಬೋರ್ಡಿಗೆ ಸಮ. ನಾಯಿಗೆ ಬಣ್ಣ ಗೊತ್ತಾಗುವುದಿಲ್ಲ, ನಮಗೆ ಗೊತ್ತಾಗುತ್ತದಲ್ವಾ? ಅದಕ್ಕೇ ಅಕ್ಕಪಕ್ಕದವರಿಗೆಲ್ಲ ಮೊದಲೇ ಹೇಳಿಟ್ಟಿರುತ್ತೇನೆ. ಬೇಡ ಅಂದವರ ಗಡಿ ಹತ್ತಿರ ನಾಯಿ ಬಿಡುವುದೇ ಇಲ್ಲ.

ಬೆಕ್ಕು ಮರ ಹತ್ತಿದರೆ ಗೌರಿಯ ದನಿ ಬದಲಾಗುತ್ತದೆ. ರಾಗ ನಿಂತು, ಒಂದೇ ಕಡೆಯಿಂದ ಚುಟುಕಾಗಿ ಬೊಗಳುತ್ತಾಳೆ. ಆಗ ಮಾತ್ರ ನಾನು ಒಳಗೆ ನಡೆಯುತ್ತೇನೆ. ಮೊದಲ ಕೆಲಸ ಮೂರೂ ನಾಯಿಯನ್ನು ಹಗ್ಗಕ್ಕೆ ಕಟ್ಟುವುದು. ಗಾಯಗೊಂಡ ಬೆಕ್ಕು ಬಿಟ್ಟ ನಾಯಿಗಳ ಮಧ್ಯೆ ಬಿದ್ದರೆ ಕಣ್ಣು, ಕಿವಿ ಹರಿಯುತ್ತದೆ. ಹತ್ತು ಕೆಜಿ ಆಸುಪಾಸಿನ ಪ್ರಾಣಿ ಅಂತ ಹಗುರವಾಗಿ ನೋಡಬಾರದು. ಆಡಿನ ಮರಿ ಹಿಡಿಯುತ್ತಿದ್ದ ಜಾಗದಲ್ಲೇ ಸಿಕ್ಕಿದ್ದರೆ ಪಾಯಿಂಟ್ 22 ರೈಫಲ್‌ನಿಂದ ಒಂದೇ ಗುಂಡು. ಉಳಿದ ದಿನಗಳಲ್ಲಿ ಫೋಟೋ ತೆಗೆದು, ನಾಯಿ ಎಳೆದುಕೊಂಡು ವಾಪಸ್. ನಾಯಿಗೆ ಬಹುಮಾನ ಮರದ ಬುಡದ ಬೊಗಳಾಟವೇ. ಸತ್ತ ಬೆಕ್ಕು ಕೊಡದಿದ್ದರೆ ನಾಯಿಯ ಉತ್ಸಾಹ ಇಳಿಯುತ್ತದೆ ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ. ಕಲ್ಲಿನ ಬಿಲ ಹೊಕ್ಕರೆ ತಕ್ಷಣ ನಾಯಿ ವಾಪಸ್ ಕರೆಯುತ್ತೇನೆ. ಒಳಗೆ ಬೆಕ್ಕಿನ ಜೊತೆ ವಿಷದ ರ‍್ಯಾಟಲ್ ಹಾವೂ ಇರಬಹುದು.

ಗಾಡಿಗೆ ಬಂದ ಮೇಲೆ ನೀರು, ಆಮೇಲೆ ಪಂಜದ ತಪಾಸಣೆ. ಪಾಪಸುಕಳ್ಳಿಯ ದೊಡ್ಡ ಮುಳ್ಳು ಚಿಮಟಕ್ಕೆ ಸಿಗುತ್ತದೆ. ಸಣ್ಣ ಮುಳ್ಳು ಬೆರಳ ಸಂದಿಯಲ್ಲಿ ಸೇರಿಕೊಂಡು ಮರುದಿನ ಬಾವು ತರುತ್ತದೆ, ಅದನ್ನು ಟಾರ್ಚ್ ಹಿಡಿದು ಹುಡುಕಬೇಕು. ಊಟ ಕೂಡಲೇ ಹಾಕುವುದಿಲ್ಲ. ಏದುಸಿರು ಪೂರ್ತಿ ಇಳಿದು ಮೈ ತಣ್ಣಗಾಗಲಿ, ಆಮೇಲೆ ಹೊಟ್ಟೆತುಂಬ ಹಾಕಿದರಾಯಿತು.