ಥಿನ್ನರ್ ಡಬ್ಬಿಯ ಮುಚ್ಚಳ ತೆಗೆಯುವ ಮುನ್ನ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆ ಒಂದು ಸುತ್ತು ಹಾಕಿ ಬನ್ನಿ. ಗ್ಯಾರೇಜು, ಫ್ಯಾಬ್ರಿಕೇಶನ್ ಶೆಡ್ಡು, ಬಾಗಿಲು-ಕಿಟಕಿಗೆ ಪಾಲಿಶ್ ಹೊಡೆಯುವ ಅಂಗಡಿ, ಎಲ್ಲಿ ಹೋದರೂ ಅದೇ ಸಿಹಿ ಘಾಟು. ಬಣ್ಣ, ಪಾಲಿಶ್ ತೆಳುವಾಗಿಸಲು ಬೆರೆಸುವ ಥಿನ್ನರ್ ವಾಸನೆ.

ಶಾಲೆಗೆ ರಜೆ ಬಿದ್ದಾಗ ನಾನು ನಮ್ಮ ಕಾಕಾನ ಪಾಲಿಶ್ ಅಂಗಡಿಗೆ ಹೋಗುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ತಲೆ ಭಾರ, ಬುತ್ತಿ ಬಿಚ್ಚಿದರೆ ಊಟ ಸೇರುತ್ತಿರಲಿಲ್ಲ. “ಮೊದಲ ಹಂಗ ಆಗ್ತೈತಿ, ಆಮ್ಯಾಲೆ ರೂಢಿ ಆಗ್ತೈತಿ ತಮ್ಮಾ” ಅನ್ನುತ್ತಿದ್ದರು ಕಾಕಾ. ನಿಜ, ನಾಲ್ಕು ದಿನಕ್ಕೆ ವಾಸನೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ರೂಢಿಯಾಗಿದ್ದು ಮೂಗಿಗೆ ಮಾತ್ರ. ಉಸಿರಿನಲ್ಲಿ ಒಳಗೆ ಹೋಗುವುದು ಅಷ್ಟೇ ಹೋಗುತ್ತಿತ್ತು.

ಥಿನ್ನರ್ ಒಂದೇ ಪದಾರ್ಥ ಅಲ್ಲ, ಬೆರಕೆ. ಟೊಲುಯಿನ್, ಝೈಲೀನ್, ಅಸಿಟೋನ್ ಇರಬಹುದು, ಅಗ್ಗದ ಮಾಲಿನಲ್ಲಿ ಮೆಥನಾಲ್ ಕೂಡ ಇರಬಹುದು. ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣೇ ಹೋಗಬಹುದು. ಇಲ್ಲಿ ನಾನು ಕೊಡುವ ಲೆಕ್ಕವೆಲ್ಲ ಟೊಲುಯಿನ್‌ನದು, ಯಾಕಂದ್ರೆ ಅನೇಕ ಥಿನ್ನರ್‌ಗಳಲ್ಲಿ ಅದರದೇ ದೊಡ್ಡ ಪಾಲು.

ಮೊದಲು ಈ ಲೆಕ್ಕ ತಿಳಿದಿರಲಿ

ಟೊಲುಯಿನ್ 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬೆಂಕಿ ಹತ್ತುವಷ್ಟು ಆವಿ ಬಿಡುತ್ತದೆ. ಅಂದರೆ ಧಾರವಾಡದ ಡಿಸೆಂಬರ್ ಬೆಳಗಿನ ಚಳಿಯಲ್ಲೂ ಅದು ಹೊತ್ತಿಕೊಳ್ಳಲು ತಯಾರಾಗಿಯೇ ಇರುತ್ತದೆ, ಏಪ್ರಿಲ್ ಬಿಸಿಲಿನ ಮಾತು ಕೇಳುವುದೇ ಬೇಡ. ಗಾಳಿಯಲ್ಲಿ ನೂರಕ್ಕೆ 1 ಪಾಲಿಗಿಂತ ತುಸು ಜಾಸ್ತಿ ಆವಿ ಸೇರಿದರೆ ಸಾಕು, ಒಂದು ಕಿಡಿಗೆ ಭುಗಿಲ್ ಅನ್ನುತ್ತದೆ. 10 ಅಡಿ ಉದ್ದ, 8 ಅಡಿ ಅಗಲ, 9 ಅಡಿ ಎತ್ತರದ ಮಳಿಗೆ ಇದೆ ಅಂದುಕೊಳ್ಳಿ. ಬಾಗಿಲು ಮುಚ್ಚಿಕೊಂಡು ಅದರಲ್ಲಿ ಸುಮಾರು ಒಂದು ಲೀಟರ್ ಪೂರ್ತಿ ಆರಿದರೆ ಇಡೀ ಕೋಣೆಯ ಗಾಳಿ ಆ ಮಟ್ಟಕ್ಕೆ ಬರುತ್ತದೆ. ಒಂದೇ ಲೀಟರ್!

ಅಲ್ಲಿವರೆಗೂ ಕಾಯಬೇಕಿಲ್ಲ. ಈ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದು ನೀರಿನ ಹಾಗೆ ತಗ್ಗಿನ ಕಡೆಗೆ ಹರಿಯುತ್ತದೆ. ಬಾಗಿಲ ಸಂದಿಯಲ್ಲಿ ನುಸುಳಿ ಪಕ್ಕದ ಚಹಾದಂಗಡಿಯ ಒಲೆಯವರೆಗೂ ಹೋಗಬಹುದು. ಅಲ್ಲಿ ಹತ್ತಿದ ಬೆಂಕಿ ಅದೇ ದಾರಿ ಹಿಡಿದು ಡಬ್ಬಿಗೆ ವಾಪಸ್ ಬರುತ್ತದೆ.

ಇನ್ನು ಉಸಿರಿನ ಲೆಕ್ಕ. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಟೊಲುಯಿನ್‌ಗೆ 8 ತಾಸಿನ ಸರಾಸರಿ ಮಿತಿ ಹತ್ತು ಲಕ್ಷಕ್ಕೆ 100 ಪಾಲು ಇತ್ತು. ಅದೇ ಮಳಿಗೆಯಲ್ಲಿ ಎರಡು ಚಹಾ ಚಮಚದಷ್ಟು ಆರಿದರೂ ಈ ಮಿತಿ ಮುಟ್ಟುತ್ತದೆ. ಒಂದು ಒದ್ದೆ ಅರಿವೆಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ, ಅಲ್ವಾ?

ಕೊಳ್ಳುವಾಗ

ಹೆಸರಿಲ್ಲದ, ಚೀಟಿ ಇಲ್ಲದ ಬಿಡಿ ಥಿನ್ನರ್ ತರಬೇಡಿ. ಸೀಲ್ ಮಾಡಿದ ಡಬ್ಬಿ ತನ್ನಿ. ಡಬ್ಬಿಯ ಮೇಲೆ ಕೆಂಪು ಅಂಚಿನ ಚೌಕದೊಳಗೆ ಬೆಂಕಿಯ ಚಿತ್ರ ಇದ್ದರೆ ಹೊತ್ತಿಕೊಳ್ಳುವಂಥದ್ದು ಅಂತ. ಮನುಷ್ಯನ ಎದೆಯ ಮೇಲೆ ನಕ್ಷತ್ರದಂಥ ಗುರುತಿದ್ದರೆ ದೇಹದ ಒಳಗೆ ದೀರ್ಘಕಾಲದ ಹಾನಿ ಮಾಡಬಲ್ಲದು ಅಂತ. ಡೀಲರ್ ಹತ್ತಿರ ಸೇಫ್ಟಿ ಡೇಟಾ ಶೀಟ್ ಕೇಳಿ. 16 ಭಾಗ ಇರುತ್ತವೆ. ಎಲ್ಲ ಓದದಿದ್ದರೂ 2, 4, 8 ಓದಿ: ಅಪಾಯ ಏನು, ಪ್ರಥಮ ಚಿಕಿತ್ಸೆ ಏನು, ಯಾವ ಗ್ಲೌಸು-ಮಾಸ್ಕು ಬೇಕು ಅನ್ನುವುದು ಅಲ್ಲಿರುತ್ತದೆ.

ಒಂದು ವಾರಕ್ಕೆ ಬೇಕಾದಷ್ಟೇ ತನ್ನಿ. ಸಣ್ಣ ಮಳಿಗೆಯೊಳಗೆ 200 ಲೀಟರ್ ಬ್ಯಾರೆಲ್ ಇಡುವುದು ಬೇಡವೇ ಬೇಡ.

ಜಾಗ ಮಾಡಿಕೊಳ್ಳುವುದು

ನಮ್ಮ ಕಡೆ ಅಂಗಡಿ ತೆರೆದ ಕೂಡಲೇ ದೇವರ ಫೋಟೋಕ್ಕೆ ದೀಪ, ಊದಬತ್ತಿ. ಕಾಕಾನ ಅಂಗಡಿಯಲ್ಲಿ ದೀಪ ಹಚ್ಚಿದ ಹಲಗೆಯ ನೇರ ಕೆಳಗೇ ಪಾಲಿಶ್ ಡಬ್ಬಿಗಳ ಸಾಲು ಇತ್ತು. ಈಗ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ. ಪೂಜೆ ಮಾಡಿ, ಖಂಡಿತ ಮಾಡಿ. ಆದರೆ ದೀಪ, ಊದಬತ್ತಿ ಪೂರ್ತಿ ಆರಿದ ಮೇಲೆಯೇ ಡಬ್ಬಿ ತೆಗೆಯಿರಿ. ಬೀಡಿ ಸೇದುವವರು ರಸ್ತೆಗೆ ಹೋಗಲಿ. ವೆಲ್ಡಿಂಗು, ಗ್ರೈಂಡರು, ಸ್ಟೋವು, ಮೊಬೈಲ್ ಚಾರ್ಜರು, ಯಾವುದೂ ಹತ್ತಿರ ಇರಬಾರದು. ಲೈಟು, ಫ್ಯಾನು ಬೇಕಿದ್ದರೆ ಡಬ್ಬಿ ತೆಗೆಯುವ ಮೊದಲೇ ಹಚ್ಚಿ. ಆಮೇಲೆ ಸ್ವಿಚ್ ಮುಟ್ಟಬೇಡಿ, ಅದರೊಳಗೂ ಕಿಡಿ ಏಳುತ್ತದೆ.

ಎದುರುಬದುರು ಬಾಗಿಲು-ಕಿಟಕಿ ತೆರೆಯಿರಿ. ಫ್ಯಾನ್ ಅನ್ನು ಹೊರಗಿನ ಒಳ್ಳೆ ಗಾಳಿ ಬರುವ ಕಡೆ ಇಟ್ಟು ಆ ಗಾಳಿ ಒಳಗೆ ನೂಕುವ ಹಾಗೆ ಮಾಡಿ. ಆವಿ ಮೋಟರ್ ಮೂಲಕ ಹಾದುಹೋಗಬಾರದು. ದಿನವೂ ಸ್ಪ್ರೇ ಮಾಡುವವರು ಫ್ಲೇಮ್‌ಪ್ರೂಫ್ (ಒಳಗಿನ ಕಿಡಿಯಿಂದ ಹೊರಗಿನ ಆವಿ ಹೊತ್ತಿಕೊಳ್ಳದಂಥ) ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಅದೂ ನೆಲದ ಹತ್ತಿರ. ಮೇಲಿನ ಎಕ್ಸಾಸ್ಟ್ ಒಂದೇ ಇದ್ದರೆ ಕೆಳಗೆ ಕೂತ ಆವಿಗೆ ಅದು ಸಾಲದು. ನನ್ನನ್ನು ಕೇಳಿದರೆ ಸಣ್ಣ ಅಂಗಡಿಗಳಲ್ಲಿ ದುಡ್ಡು ಮೊದಲು ಖರ್ಚಾಗಬೇಕಾದ್ದು ಇದಕ್ಕೆ, ಮಾಸ್ಕು ಆಮೇಲಿನದು.

ಸುರಿಯುವಾಗ

ಬಿಸಿಲಲ್ಲಿ ಕಾದ ಡಬ್ಬಿಯ ಮುಚ್ಚಳ ತುಸುವೇ ಸಡಿಲ ಮಾಡಿ. ಬುಸ್ ಅಂತ ಸಣ್ಣ ಸದ್ದು ಬರುತ್ತದೆ, ಒಳಗಿನ ಒತ್ತಡ ಅದು. ಮುಖ ಆಚೆ ಮಾಡಿ, ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ. ಎತ್ತರದಿಂದ ಸುರಿಯಬೇಡಿ. ಟೊಲುಯಿನ್ ಹರಿಯುವಾಗ ತನ್ನಲ್ಲೇ ಸ್ಥಿರ ವಿದ್ಯುತ್ ಕೂಡಿಟ್ಟುಕೊಳ್ಳುತ್ತದೆ. ಚಳಿಗಾಲದಲ್ಲಿ ಸ್ವೆಟರ್ ಬಿಚ್ಚುವಾಗ ಚಟಪಟ ಅನ್ನುತ್ತದಲ್ಲ, ಅದೇ. ಅಷ್ಟು ಕಿಡಿ ಸಾಕು. ಅದಕ್ಕೇ ಪ್ಲಾಸ್ಟಿಕ್ ಬಕೆಟ್ ಬೇಡ. ಬ್ಯಾರೆಲ್ಲಿನಿಂದ ತೆಗೆಯುವವರು ಲೋಹದ ಕ್ಯಾನ್ ಹಿಡಿದು, ಬ್ಯಾರೆಲ್ಲಿಗೂ ಕ್ಯಾನಿಗೂ ಕ್ಲಿಪ್ ಇರುವ ತಂತಿ ಕಟ್ಟಿ, ಬ್ಯಾರೆಲ್ಲಿಗೆ ಅರ್ಥಿಂಗ್ ಕೊಟ್ಟು ನಿಧಾನ ತೆಗೆಯಬೇಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬಿಟ್ಟು ಹತ್ತಿ ಬಟ್ಟೆ ಹಾಕಿಕೊಳ್ಳಿ.

ಕುಡಿಯುವ ನೀರಿನ ಬಾಟಲಿಗೆ ಥಿನ್ನರ್ ಹಾಕಬೇಡಿ, ಒಂದು ಗಳಿಗೆಗೂ ಬೇಡ. ನಾನು ನೋಡಿದ್ದೇನೆ. ಒಬ್ಬ ಹುಡುಗ ಬಿಸಿಲಲ್ಲಿ ಬಂದವನು ಕಿಟಕಿಯಲ್ಲಿದ್ದ ಬಾಟಲಿ ಎತ್ತಿ ಗಟಕ್ಕನೆ ಬಾಯಿಗೆ ಹಾಕಿಕೊಂಡ. ನೋಡಲು ನೀರೇ. ಪುಣ್ಯಕ್ಕೆ ಉಗುಳಿದ, ಉಳಿದ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಥಿನ್ನರ್ ಮನೆಗೇ ತರಬೇಡಿ.

ಕೈ, ಮೂಗು, ಕಿವಿ

ಬಟ್ಟೆಯ ಮಾಸ್ಕು, ಎನ್95 ಮಾಸ್ಕು, ಕಟ್ಟಿಕೊಂಡ ಟವೆಲ್ಲು, ಇವು ಧೂಳಿಗೆ ಸರಿ. ಆವಿಯನ್ನು ತಡೆಯುವುದಿಲ್ಲ. ಇಂಥ ಆವಿಯನ್ನು ಹೀರಿಕೊಳ್ಳುವ ಡಬ್ಬಿ, ಅಂದರೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ರಬ್ಬರ್ ಮಾಸ್ಕು ಬೇಕು. ಒಳಗೆ ವಾಸನೆ ಬರಲು ಶುರುವಾದರೆ ಕಾರ್ಟ್ರಿಜ್ ಮುಗಿದಿದೆ. ಆದರೆ ನಿಮ್ಮ ಮೂಗೇ ಸೋತಿರಬಹುದು, ಆದ್ದರಿಂದ ವಾಸನೆಗೆ ಕಾಯದೆ ಕಂಪನಿ ಹೇಳಿದ ಅವಧಿಗೇ ಬದಲಿಸಿ. ಕೆಲಸ ಮುಗಿದ ಮೇಲೆ ಮಾಸ್ಕನ್ನು ಗಾಳಿಯಾಡದ ಚೀಲದಲ್ಲಿಡಿ, ತೆರೆದಿಟ್ಟರೆ ರಾತ್ರಿಯಿಡೀ ಅದು ಸುಮ್ನೆ ಆವಿ ಹೀರುತ್ತಿರುತ್ತದೆ.

ತೆಳು ಲೇಟೆಕ್ಸ್ ಗ್ಲೌಸು ಥಿನ್ನರಿನಲ್ಲಿ ಉಬ್ಬಿ ಹರಿಯುತ್ತದೆ. ನೈಟ್ರೈಲ್ ಸ್ವಲ್ಪ ಹೊತ್ತು ತಡೆಯುತ್ತದೆ, ಒದ್ದೆಯಾದ ತಕ್ಷಣ ಬದಲಿಸಿ. ಇನ್ನು ಕೈಗೆ ಹತ್ತಿದ ಬಣ್ಣವನ್ನು ಥಿನ್ನರಿನಲ್ಲೇ ತೊಳೆಯುವ ಚಾಳಿ. ಕಾಕಾನ ಬೆರಳ ತುದಿಗಳು ಬಿಳಚಿ, ಗೆರೆಗೆರೆ ಒಡೆದು, ರೊಟ್ಟಿ ಮುರಿದರೆ ಖಾರದ ಪಲ್ಯ ಉರಿಯುತ್ತಿತ್ತು. ಥಿನ್ನರ್ ಚರ್ಮದ ಎಣ್ಣೆ ತೆಗೆಯುತ್ತದೆ, ತುಸು ಒಳಗೂ ಇಳಿಯುತ್ತದೆ. ಕೊಬ್ಬರಿ ಎಣ್ಣೆಯೋ ಶೇಂಗಾ ಎಣ್ಣೆಯೋ ಹಚ್ಚಿ ತಿಕ್ಕಿ, ಆಮೇಲೆ ಸೋಪು. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಗ್ಯಾರೇಜಿನವರು ಇದನ್ನು ಕೇಳಬೇಕು: ಟೊಲುಯಿನ್ ಕಿವಿಗೂ ಹಾನಿ ಮಾಡುತ್ತದೆ, ಜೊತೆಗೆ ಗ್ರೈಂಡರ್ ಸದ್ದೂ ಇದ್ದರೆ ಹಾನಿ ಇನ್ನೂ ಜಾಸ್ತಿ. ಮದ್ಯ ಹೊಟ್ಟೆಯಲ್ಲಿದ್ದರೆ ದೇಹ ಟೊಲುಯಿನ್ ಅನ್ನು ಹೊರಹಾಕುವುದು ನಿಧಾನವಾಗುತ್ತದೆ. ಗರ್ಭಿಣಿಯರು ಈ ಕೆಲಸದಿಂದ ದೂರ ಇರಲಿ. ನೀರಿನ ಟ್ಯಾಂಕಿನೊಳಗೆ ಇಳಿದು ಬಣ್ಣ ಬಳಿಯುವ ಕೆಲಸ ಒಬ್ಬರೇ ಮಾಡುವಂಥದ್ದಲ್ಲ. ಅದಕ್ಕೆ ಗಾಳಿ ಊದುವ ವ್ಯವಸ್ಥೆ ಬೇಕು, ಮೇಲೆ ಒಬ್ಬರು ಕಾವಲು ಇರಬೇಕು.

ಸಂಜೆ

ಒರೆಸಿದ ಅರಿವೆಗಳನ್ನು ಮೂಲೆಗೆ ಎಸೆಯಬೇಡಿ. ಮುಚ್ಚಳ ಇರುವ ತಗಡಿನ ಡಬ್ಬಿಗೆ ಹಾಕಿ. ಅಗಸೆ ಎಣ್ಣೆ ಹತ್ತಿದ ಅರಿವೆ ಮುದ್ದೆಯಾಗಿ ಬಿದ್ದಿದ್ದರೆ ಯಾರೂ ಮುಟ್ಟದೆ ತಾನೇ ಕಾದು ಹೊತ್ತಿಕೊಳ್ಳಬಹುದು, ಅದನ್ನು ನೀರಲ್ಲಿ ಅದ್ದಿ ಇಡಿ. ಸ್ಪ್ರೇ ಗನ್ ತೊಳೆದ ಹೊಲಸು ಥಿನ್ನರನ್ನು ಮುಚ್ಚಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮರುದಿನದ ಮೊದಲ ತೊಳೆತಕ್ಕೆ ಆಗುತ್ತದೆ. ದುಡ್ಡೂ ಉಳಿಯುತ್ತದೆ. ತಳದ ಗಸಿ ಮಾತ್ರ ಗಟಾರಕ್ಕೆ ಹೋಗಬಾರದು. ಅದನ್ನು ಕೂಡಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವವರಿಗೆ ಕೊಡಿ.

ಏನಾದರೂ ಆದರೆ

ಬೆಂಕಿಗೆ ನೀರು ಹಾಕಬೇಡಿ. ಟೊಲುಯಿನ್ ನೀರಿನ ಮೇಲೆ ತೇಲಿ ಉರಿಯುತ್ತಲೇ ಹರಡುತ್ತದೆ. ಒಣ ಪುಡಿಯ ಸಿಲಿಂಡರ್ ಬೇಕು, ಅದು ಒಳಗಿನ ಮೂಲೆಯಲ್ಲಲ್ಲ, ಬಾಗಿಲ ಹತ್ತಿರ ಇರಬೇಕು. ಒಂದೇ ಸಲಕ್ಕೆ ಆರದಿದ್ದರೆ ಹೊರಗೆ ಓಡಿ 101ಕ್ಕೆ ಫೋನ್ ಮಾಡಿ.

ತಲೆ ತಿರುಗಿ ಬಿದ್ದವರನ್ನು ಹೊರಗಿನ ಗಾಳಿಗೆ ತನ್ನಿ. ಕಣ್ಣಿಗೆ ಸಿಡಿದರೆ 15 ನಿಮಿಷ ನೀರು ಬಿಡಿ. ಮೈಮೇಲೆ ಚೆಲ್ಲಿದರೆ ಬಟ್ಟೆ ಬಿಚ್ಚಿ ಸೋಪಿನಲ್ಲಿ ತೊಳೆಯಿರಿ.

ಕುಡಿದುಬಿಟ್ಟರೆ ನಮ್ಮ ಮಂದಿ ಮೊದಲು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ನೋಡುತ್ತಾರೆ. ದಯವಿಟ್ಟು ಬೇಡ. ವಾಂತಿಯಾಗುವಾಗ ಈ ತೆಳು ದ್ರಾವಕ ಶ್ವಾಸಕೋಶಕ್ಕೆ ಜಾರಿ ಅಲ್ಲಿ ಉರಿಯೂತ ಮಾಡುತ್ತದೆ, ಜೀವಕ್ಕೆ ಹೆಚ್ಚಿನ ಕುತ್ತು ಅದೇ. ಹಾಲೂ ಬೇಡ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗುವಾಗ ಚೀಟಿ ಇರುವ ಆ ಡಬ್ಬಿಯನ್ನು ಮುಚ್ಚಳ ಬಿಗಿ ಮಾಡಿ ಜೊತೆಗೇ ಒಯ್ಯಿರಿ. ಅದರೊಳಗೆ ಮೆಥನಾಲ್ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಡಾಕ್ಟರು ಕೊಡುವ ಚಿಕಿತ್ಸೆಯೇ ಬದಲಾಗುತ್ತದೆ.